ಆಕರಗಳಿಂದ ಪಾಠದ ಕೊಠಡಿಗೆ: ಒಂದು ಷಣ್ಮಾಸದ ಬೋಧನಾಭ್ಯಾಸವನ್ನು ಕುರಿತ ವಿಚಾರ

ಇತಿಹಾಸವನ್ನು ಬಲ್ಲವರು ಒಂದು ಕಡೆ, ಬೋಧನೆಯ ಕ್ರಮವನ್ನು ಬಲ್ಲವರು ಮತ್ತೊಂದು ಕಡೆ ಎಂಬ ಪಾಲುಗಾರಿಕೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗವು ಶಾಸನ, ನಾಣ್ಯ, ಗ್ರಂಥಗಳನ್ನು ಪರಿಶೀಲಿಸಿ ನಿರ್ಣಯಗಳನ್ನು ಕೊಡುತ್ತದೆ. ಶಿಕ್ಷಣ ಮಹಾವಿದ್ಯಾಲಯವು ಆ ನಿರ್ಣಯಗಳನ್ನು ನಲವತ್ತು ನಿಮಿಷಗಳ ಒಂದು ಅವಧಿಯಲ್ಲಿ ಮಕ್ಕಳಿಗೆ ಹೇಗೆ ಮುಟ್ಟಿಸಬೇಕೆಂಬುದನ್ನು ಕಲಿಸುತ್ತದೆ. ಈ ಎರಡು ಕಡೆಗಳ ನಡುವೆ ದಾರಿಯಲ್ಲಿ ಬಿದ್ದುಹೋಗುವ ವಸ್ತುವೊಂದುಂಟು. ‘ಇದು ನಮಗೆ ಹೇಗೆ ತಿಳಿಯಿತು?’ ಎಂಬ ಪ್ರಶ್ನೆಯೇ ಅದು. ಪ್ರೌಢಶಾಲೆಗಳಲ್ಲಿ ಪಾಠ ಮಾಡಲು ಸಿದ್ಧರಾಗುತ್ತಿರುವ ಪ್ರಶಿಕ್ಷಣಾರ್ಥಿಗಳ ಇತಿಹಾಸ ಪಾಠಗಳನ್ನು ಒಂದು ಷಣ್ಮಾಸ ಕಾಲ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ, ಪಾಠವಾದ ಮೇಲೆ ಅವರೊಡನೆ ಚರ್ಚಿಸುವ ಅವಕಾಶ ಪ್ರಸ್ತುತ ಲೇಖಕನಿಗೆ ಒದಗಿತು. ಅಲ್ಲಿ ಕಂಡ ಕೆಲವು ಸಂಗತಿಗಳನ್ನು, ವಿಶೇಷವಾಗಿ ಶಾಸನಗಳನ್ನು ಪಾಠದಲ್ಲಿ ಬಳಸುವ ವಿಷಯವನ್ನು, ಇಲ್ಲಿ ವಿವೇಚಿಸಲಾಗಿದೆ.

ಮೊದಲು ಪಾಠಯೋಜನೆಯ ವಿಷಯ. ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಯಲ್ಲಿ ಎರಡು ಪರಂಪರೆಗಳು ಬೆರೆತಿವೆ. ಪೂರ್ವಜ್ಞಾನದಿಂದ ಆರಂಭಿಸಿ, ಹೊಸ ವಿಷಯವನ್ನು ನಿರೂಪಿಸಿ, ಹೋಲಿಸಿ, ಸಾಮಾನ್ಯೀಕರಿಸಿ, ಕೊನೆಗೆ ಅನ್ವಯಿಸುವ ಪಂಚಸೋಪಾನ ಕ್ರಮವು ಜರ್ಮನಿಯ ಹರ್ಬಾರ್ಟ್ (೧೭೭೬–೧೮೪೧) ಎಂಬ ತತ್ತ್ವಜ್ಞಾನಿಯ ವಿಚಾರಗಳಿಂದ ಅವನ ಅನುಯಾಯಿಗಳು ರೂಪಿಸಿದ್ದು. ಉದ್ದೇಶಗಳನ್ನು ಜ್ಞಾನ, ತಿಳಿವಳಿಕೆ, ಅನ್ವಯ ಮೊದಲಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವಿದ್ಯಾರ್ಥಿಯ ನಡವಳಿಕೆಯಲ್ಲಿ ಕಾಣಬೇಕಾದ ಫಲವನ್ನು ಮೊದಲೇ ಬರೆದಿಡುವ ಪದ್ಧತಿಯು ೧೯೫೬ರಲ್ಲಿ ಪ್ರಕಟವಾದ ಬ್ಲೂಮ್ ಮತ್ತು ಸಂಗಡಿಗರ ವರ್ಗೀಕರಣದಿಂದ ಬಂದದ್ದು. ೧೯೬೩ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಈ ವರ್ಗೀಕರಣವನ್ನು ನಮ್ಮ ಪರಿಸ್ಥಿತಿಗೆ ಹೊಂದಿಸಿ, ಹದಿನೇಳು ಮಾನಸಿಕ ಸಾಮರ್ಥ್ಯಗಳ ಒಂದು ಕ್ರಮವನ್ನೇ ರೂಪಿಸಿತೆಂಬುದು ಶಿಕ್ಷಣಶಾಸ್ತ್ರವನ್ನು ಓದಿದವರಿಗೆಲ್ಲ ತಿಳಿದ ವಿಷಯ. ೨೦೧೪ರ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಗಳಲ್ಲಿ ಕನಿಷ್ಠ ೨೦ ವಾರಗಳ ಅನುಭವವನ್ನು ವಿಧಿಸಿದ ಮೇಲೆ ಈ ಯೋಜನೆಗಳನ್ನು ಬರೆಯುವ ಮತ್ತು ಪ್ರಯೋಗಿಸುವ ಕಾಲಾವಕಾಶವೂ ಹೆಚ್ಚಿತು.

ಪಾಠಯೋಜನೆಯನ್ನು ಹಾಸ್ಯ ಮಾಡುವುದು ಕಾಲೇಜು ಅಧ್ಯಾಪಕರಲ್ಲಿ ಒಂದು ರೂಢಿ. ಆ ಹಾಸ್ಯಕ್ಕೆ ಆಧಾರವಿಲ್ಲ. ಟಿಪ್ಪಣಿ ಹೇಳಿ ಬರೆಯಿಸುವುದೇ ಬೋಧನೆಯೆಂದು ನಡೆಯುತ್ತಿರುವ ಅನೇಕ ಪದವಿ ತರಗತಿಗಳಿಗಿಂತ, ಯೋಜನೆಯನ್ನು ಕೈಯಲ್ಲಿ ಹಿಡಿದ ಇಪ್ಪತ್ತೆರಡು ವರ್ಷದ ಪ್ರಶಿಕ್ಷಣಾರ್ಥಿಯ ಪಾಠದಲ್ಲಿ ಹೆಚ್ಚು ವಿಚಾರವಿರುತ್ತದೆ. ಪ್ರಶ್ನೆ ಕೇಳಿ ತಡೆದು ನಿಲ್ಲುವುದು, ತಪ್ಪು ಉತ್ತರವನ್ನು ಎಸೆಯದೆ ಅದರಲ್ಲಿರುವ ಸರಿಯಾದ ಅಂಶವನ್ನು ಎತ್ತಿಕೊಳ್ಳುವುದು, ಕಪ್ಪುಹಲಗೆಯ ಎಡಭಾಗದಲ್ಲಿ ಹೊಸ ಶಬ್ದಗಳನ್ನು ಉಳಿಸಿಕೊಳ್ಳುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳೇ ಹೊರತು ಹುಟ್ಟಿನಿಂದ ಬಂದವಲ್ಲ. ಆದರೆ ಯೋಜನೆಯ ಭಾಷೆಯಲ್ಲಿ ಒಂದು ತೊಡಕುಂಟು. ‘ವಿದ್ಯಾರ್ಥಿಯು ಕಾರಣಗಳನ್ನು ಪಟ್ಟಿಮಾಡುವನು’, ‘ಪರಿಣಾಮಗಳನ್ನು ಗುರುತಿಸುವನು’ ಎಂದು ಬರೆದುಕೊಂಡು ಹೋದ ಅಧ್ಯಾಪಕನಿಗೆ ಅವಧಿಯ ಕೊನೆಯಲ್ಲಿ ಪಟ್ಟಿಯೊಂದು ಕೈಗೆ ಬರಲೇಬೇಕು. ಇತಿಹಾಸದಲ್ಲಿ ನಿಶ್ಚಿತವಲ್ಲದ ವಿಷಯಗಳಿಗೆ ಈ ಪಟ್ಟಿಯಲ್ಲಿ ಜಾಗವಿರುವುದಿಲ್ಲ.

ಉದಾಹರಣೆಗೆ ಆತಕೂರಿನ ಶಾಸನವನ್ನು ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲನ್ನು ರಾಷ್ಟ್ರಕೂಟರ ಪಾಠಕ್ಕೆ ಪ್ರೇರಣೆಯಾಗಿ ಬಳಸಿದವರನ್ನು ನೋಡಿದೆವು. ಬೇಟೆನಾಯಿಯೊಂದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವೆಂಬ ಕಥೆಯನ್ನು ಕೇಳಿದೊಡನೆ ತರಗತಿಯೆಲ್ಲ ಎದ್ದು ಕುಳಿತಿತು. ಐದು ನಿಮಿಷಗಳಾದ ಮೇಲೆ ನಾಯಿಯನ್ನು ಅಲ್ಲಿಯೇ ಬಿಟ್ಟು, ‘ಇಂತಹ ವೀರರ ಕಾಲದಲ್ಲಿ ಆಳಿದ ಮೂರನೆಯ ಕೃಷ್ಣನ ಸಾಧನೆಗಳನ್ನು ಈಗ ನೋಡೋಣ’ ಎಂದು ಪಠ್ಯಪುಸ್ತಕವನ್ನು ತೆರೆಯಿಸಲಾಯಿತು. ಯೋಜನೆಯ ಪ್ರಕಾರ ಇದು ಸರಿಯಾದ ಪಾಠವೇ. ಆದರೆ ಆ ಕಲ್ಲು ಪ್ರೇರಣೆಗೆ ಮಾತ್ರ ತಕ್ಕದ್ದಲ್ಲ. ಮುಂದೆ ಹೇಳಲಿರುವ ವಿಷಯಕ್ಕೆ ಅದೇ ಸಾಕ್ಷಿ. ತಕ್ಕೋಲದಲ್ಲಿ ಚೋಳ ರಾಜಕುಮಾರನಾದ ರಾಜಾದಿತ್ಯನೊಡನೆ ನಡೆದ ಯುದ್ಧವನ್ನೂ, ಗಂಗರ ಬೂತುಗನು ಅವನನ್ನು ಕೊಂದು ಕೃಷ್ಣನಿಂದ ನಾಡುಗಳನ್ನು ಪಡೆದುದನ್ನೂ ಹೇಳುವುದು ಇದೇ ಶಾಸನ. ಬೂತುಗನ ಪಕ್ಷದಲ್ಲಿ ಕಾದಿದ ಮಣಲೇರನೆಂಬ ವೀರನು ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ಆ ನಾಯಿಯನ್ನು. ಕೇಳಲೆಯ ನಾಡಿನಲ್ಲಿ ಹಂದಿಯೊಡನೆ ಕಾದಿ ಸತ್ತ ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟರು.

ಇಲ್ಲಿ ಕೇಳಬಹುದಾದ ಪ್ರಶ್ನೆಗಳು ಎಷ್ಟೋ ಇವೆ. ಒಂದು ಯುದ್ಧದ ವಾರ್ತೆ ನಾಯಿಯ ಸ್ಮಾರಕದಲ್ಲಿ ಏಕೆ ಬಂದಿತು? ಬರೆಯಿಸಿದವರು ಯಾರ ಕಡೆಯವರು? ಚೋಳರು ಇದೇ ಯುದ್ಧವನ್ನು ಹೇಗೆ ಹೇಳುತ್ತಾರೆ? ಲೈಡನ್ನಿನಲ್ಲಿರುವ ಚೋಳರ ದೊಡ್ಡ ತಾಮ್ರಪಟಗಳಲ್ಲಿ ರಾಜಾದಿತ್ಯನು ಆನೆಯ ಮೇಲಿದ್ದಾಗ ಕೃಷ್ಣರಾಜನ ಬಾಣಗಳಿಂದ ಮಡಿದನೆಂದಿದೆ; ಬೂತುಗನ ಹೆಸರು ಅಲ್ಲಿಲ್ಲ. ಗೆದ್ದವರ ಸಾಮಂತನ ಕಡೆಯ ಕಲ್ಲಿಗೆ ಸಾಮಂತನೇ ಮುಖ್ಯ. ಸೋತವರ ತಾಮ್ರಪಟಕ್ಕೆ ತಮ್ಮ ರಾಜಪುತ್ರನು ಚಕ್ರವರ್ತಿಯ ಕೈಯಿಂದಲೇ ಸತ್ತನೆಂಬುದು ಒಪ್ಪುವ ಮಾತು. ಇಷ್ಟನ್ನು ಒಂಬತ್ತನೆಯ ತರಗತಿಯ ಮಕ್ಕಳು ಗ್ರಹಿಸಲಾರರೆಂಬ ಆಕ್ಷೇಪ ಚರ್ಚೆಯಲ್ಲಿ ಬಂದಿತು. ಊರ ಹಬ್ಬದ ಕುಸ್ತಿಯನ್ನು ಗೆದ್ದವರ ಕೇರಿಯವರೂ ಸೋತವರ ಕೇರಿಯವರೂ ಹೇಗೆ ವರ್ಣಿಸುತ್ತಾರೆಂಬುದನ್ನು ಬಲ್ಲ ಮಕ್ಕಳಿಗೆ ಇದು ಕಠಿಣವೇನಲ್ಲವೆಂದು ಒಬ್ಬ ಪ್ರಶಿಕ್ಷಣಾರ್ಥಿಯೇ ಉತ್ತರ ಕೊಟ್ಟರು. ಮುಂದಿನ ವಾರ ಅವರು ಮಾಡಿದ ಪಾಠ ಈ ಮಾತನ್ನು ಸಮರ್ಥಿಸಿತು.

ಕಾಲಗಣನೆಯ ವಿಷಯಕ್ಕೆ ಬರೋಣ. ಇತಿಹಾಸವೆಂದರೆ ಇಸವಿಗಳ ಬಾಯಿಪಾಠವೆಂಬ ಬೇಸರ ಹಳೆಯದು. ಇಸವಿಯು ಎಲ್ಲಿಂದಲೋ ಬಂದು ಪುಸ್ತಕದಲ್ಲಿ ಕುಳಿತಿದೆಯೆಂಬ ಭಾವನೆಯೇ ಈ ಬೇಸರಕ್ಕೆ ಮೂಲ. ಶಾಸನದಲ್ಲಿ ಕ್ರಿಸ್ತಶಕ ಇರುವುದಿಲ್ಲ, ಶಾಲಿವಾಹನ ಶಕವಿರುತ್ತದೆ, ಅದಕ್ಕೆ ೭೮ ಕೂಡಿಸಬೇಕು ಎಂಬಷ್ಟನ್ನು ಎಲ್ಲ ಪ್ರಶಿಕ್ಷಣಾರ್ಥಿಗಳೂ ಹೇಳುತ್ತಿದ್ದರು. ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನದ ಶಕ ೪೬೫ಕ್ಕೆ ೭೮ ಸೇರಿ ೫೪೩ ಆಗುತ್ತದೆ. ಐಹೊಳೆಯ ಮೇಗುತಿಯ ಶಾಸನದ ಶಕ ೫೫೬ಕ್ಕೆ ಸೇರಿ ೬೩೪ ಆಗುತ್ತದೆ. ಆದರೆ ಪುಸ್ತಕಗಳಲ್ಲಿ ‘೬೩೪–೩೫’ ಎಂದು ಎರಡು ವರ್ಷಗಳನ್ನು ಏಕೆ ಬರೆಯುತ್ತಾರೆಂದು ಒಬ್ಬ ಹುಡುಗಿ ಕೇಳಿದಾಗ ಪಾಠ ನಿಂತಿತು. ಶಕವರ್ಷವು ಚೈತ್ರದಲ್ಲಿ, ಅಂದರೆ ಯುಗಾದಿಯಂದು, ಆರಂಭವಾಗುತ್ತದೆ; ಕ್ರಿಸ್ತವರ್ಷ ಜನವರಿಯಲ್ಲಿ. ಆದುದರಿಂದ ಒಂದು ಶಕವರ್ಷದ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಸೇರುತ್ತವೆ. ಪುಷ್ಯ ಮಾಘಗಳ ಶಾಸನಕ್ಕೆ ಅನೇಕ ವೇಳೆ ೭೯ನ್ನೇ ಕೂಡಿಸಬೇಕಾಗುತ್ತದೆ. ಮನೆಯ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರನ್ನು ನೋಡಿದ ಮಕ್ಕಳಿಗೆ ಇದನ್ನು ತಿಳಿಸಲು ಚಿತ್ರಪಟವೂ ಬೇಕಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಸಂವತ್ಸರದ ಲೆಕ್ಕ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳನ್ನು ಹಳಬರು ಬಾಯಲ್ಲಿ ಹೇಳುತ್ತಿದ್ದರು. ದಕ್ಷಿಣದಲ್ಲಿ ಬಳಕೆಯಲ್ಲಿರುವ ಪದ್ಧತಿಯಂತೆ ಕಳೆದ ಶಕವರ್ಷಕ್ಕೆ ೧೨ ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಸಂಖ್ಯೆ. ಶಕ ೧೯೪೬ಕ್ಕೆ ೧೨ ಸೇರಿಸಿದರೆ ೧೯೫೮, ಶೇಷ ೩೮, ಮೂವತ್ತೆಂಟನೆಯದು ಕ್ರೋಧಿ. ೨೦೨೪ರ ಯುಗಾದಿಯಿಂದ ನಡೆದದ್ದು ಕ್ರೋಧಿ ಸಂವತ್ಸರವೇ. ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಶಾಸನವು ಶಕ ೧೨೯೦, ಕೀಲಕ ಸಂವತ್ಸರವೆನ್ನುತ್ತದೆ. ೧೩೦೨ನ್ನು ೬೦ರಿಂದ ಭಾಗಿಸಿದರೆ ಶೇಷ ೪೨, ನಲವತ್ತೆರಡನೆಯದು ಕೀಲಕ. ಆರುನೂರು ವರ್ಷಗಳಿಗೂ ಹಿಂದೆ ಕೆತ್ತಿದ ಕಲ್ಲಿನ ಮಾತು ಮಗ್ಗಿಯ ಲೆಕ್ಕಕ್ಕೆ ಹೊಂದಿದಾಗ ತರಗತಿಯಲ್ಲಿ ಆದ ಸಂತೋಷವನ್ನು ನೋಡಬೇಕಾಗಿತ್ತು. ಇನ್ನು ಆತಕೂರಿನ ಕಲ್ಲು. ಅಲ್ಲಿ ಶಕ ೮೭೨, ಸೌಮ್ಯ ಸಂವತ್ಸರವೆಂದಿದೆ. ೮೮೪ರಲ್ಲಿ ಶೇಷ ೪೪. ಅದು ಸಾಧಾರಣ, ಸೌಮ್ಯವಲ್ಲ. ಒಂದು ವರ್ಷ ಹೆಚ್ಚು ಬಂದಿತು! ಶಾಸನ ತಪ್ಪೇ, ಸೂತ್ರ ತಪ್ಪೇ ಎಂಬ ಗೊಂದಲದಲ್ಲಿ ಎರಡು ಗುಂಪುಗಳಾದವು. ಎರಡೂ ತಪ್ಪಲ್ಲ. ಕೆಲವು ಶಾಸನಗಳು ಕಳೆದ ವರ್ಷಗಳ ಸಂಖ್ಯೆಯನ್ನು ಕೊಡುತ್ತವೆ, ಕೆಲವು ನಡೆಯುತ್ತಿರುವ ವರ್ಷದ ಸಂಖ್ಯೆಯನ್ನು ಕೊಡುತ್ತವೆ. ಇಲ್ಲಿಯದು ನಡೆಯುತ್ತಿದ್ದ ವರ್ಷ, ಕಳೆದದ್ದು ೮೭೧. ಆದಕಾರಣವೇ ವಿದ್ವಾಂಸರು ಅದನ್ನು ೯೫೦–೫೧ ಎನ್ನದೆ ೯೪೯–೫೦ ಎಂದು ನಿರ್ಣಯಿಸಿದ್ದಾರೆ. ಮಗುವಿನ ವಯಸ್ಸನ್ನು ‘ಐದು ತುಂಬಿತು’ ಎಂದೂ ‘ಆರನೆಯದು ನಡೆಯುತ್ತಿದೆ’ ಎಂದೂ ಹೇಳುವ ನಮ್ಮ ರೂಢಿಯನ್ನು ನೆನಪಿಸಿದರೆ ವಿಷಯ ಮುಗಿಯಿತು. ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚಬಾರದೆಂಬ ಎಚ್ಚರಿಕೆಯನ್ನು ಮಾತ್ರ ಅಧ್ಯಾಪಕರು ಇಟ್ಟುಕೊಳ್ಳಬೇಕು.

ಮೇಲೆ ಹೇಳಿದ ಬುಕ್ಕರಾಯನ ಶಾಸನವು (೧೩೬೮) ಲೆಕ್ಕಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ಎಬ್ಬಿಸಿತು. ವಿಜಯನಗರದ ಅರಸರ ಮತಸಹಿಷ್ಣುತೆಗೆ ನಿದರ್ಶನವಾಗಿ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ವಾಕ್ಯವು ಸುಳ್ಳಲ್ಲ. ಆದರೆ ಶಾಸನವನ್ನು ಓದಿದರೆ ಮೊದಲು ಕಾಣುವುದು ಜಗಳ. ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಎತ್ತಿಹಿಡಿದನು. ಜೈನರಿಗೆ ಹಾನಿಯಾದರೆ ಅದನ್ನು ತಮ್ಮ ಹಾನಿಯೆಂದೇ ವೈಷ್ಣವರು ಬಗೆಯಬೇಕು. ಆಮೇಲೆ ಬರುವುದು ಏರ್ಪಾಟಿನ ವಿವರ: ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸಬೇಕು. ಈ ಕಟ್ಟಳೆಯ ಪ್ರತಿಯು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ.

ಇದನ್ನು ಪೂರ್ತಿಯಾಗಿ ತರಗತಿಯಲ್ಲಿ ಹೇಳಬೇಕೆ ಎಂಬ ಬಗ್ಗೆ ಪ್ರಶಿಕ್ಷಣಾರ್ಥಿಗಳಲ್ಲಿ ಒಮ್ಮತವಿರಲಿಲ್ಲ. ತರಗತಿಯಲ್ಲಿ ಜೈನರ ಮಕ್ಕಳೂ ಇರುತ್ತಾರೆ, ಶ್ರೀವೈಷ್ಣವರ ಮಕ್ಕಳೂ ಇರುತ್ತಾರೆ. ಹಳೆಯ ಜಗಳವನ್ನು ಎತ್ತಿದರೆ ಒಬ್ಬರ ಮುಖವನ್ನೊಬ್ಬರು ನೋಡುವಂತಾಗುತ್ತದೆಂದು ಕೆಲವರ ಭಯ. ಭಯ ನಿರಾಧಾರವೆನ್ನಲಾಗದು. ಆದರೂ ನಮ್ಮ ಅಭಿಪ್ರಾಯದಲ್ಲಿ ಜಗಳವನ್ನು ಬಿಟ್ಟು ಸಹಿಷ್ಣುತೆಯನ್ನು ಮಾತ್ರ ಹೇಳಿದರೆ ಅರಸನ ಕೆಲಸದ ಬೆಲೆಯೇ ತಿಳಿಯುವುದಿಲ್ಲ. ಜಗಳವಿಲ್ಲದ ಕಡೆ ಕೈಹಿಡಿಸಿ ಒಪ್ಪಿಸುವ ಅಗತ್ಯವೇನು? ಕಾವಲಿಗೆ ಇಪ್ಪತ್ತು ಆಳುಗಳು ಏಕೆ? ಹಣ ಕೊಡಬೇಕಾದವರು ಜೈನರೇ ಏಕೆ, ನಂಬಿಕೆಯಿಂದ ಅದನ್ನು ವೆಚ್ಚ ಮಾಡುವ ಹೊಣೆ ವೈಷ್ಣವನಾದ ತಾತಯ್ಯನ ಮೇಲೆ ಏಕೆ? ಈ ಪ್ರಶ್ನೆಗಳಿಗೆ ಒಂದೇ ಉತ್ತರವಿಲ್ಲ. ಅಧ್ಯಾಪಿಕೆಯೊಬ್ಬರು ಈ ಪಾಠವನ್ನು ಮಾಡುವಾಗ ಮಕ್ಕಳನ್ನು ಮೂರು ಗುಂಪು ಮಾಡಿ, ಮೊರೆಯಿಟ್ಟವರು, ಎದುರು ಪಕ್ಷದವರು, ತೀರ್ಪು ಕೊಡುವವರು ಎಂದು ವಿಂಗಡಿಸಿದರು. ಯಾವ ಗುಂಪಿಗೆ ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ತೀರ್ಪಿನ ಗುಂಪು ತನ್ನ ತೀರ್ಪನ್ನು ಬರೆದ ಮೇಲೆ ಶಾಸನದ ಸಾರಾಂಶವನ್ನು ಓದಲಾಯಿತು. ಮಕ್ಕಳ ತೀರ್ಪಿನಲ್ಲಿ ಕಾವಲಿನ ವೆಚ್ಚವನ್ನು ಎರಡೂ ಕಡೆಯವರು ಸಮನಾಗಿ ಹೊರಬೇಕೆಂದಿತ್ತು! ಬುಕ್ಕರಾಯನು ಹಾಗೇಕೆ ಮಾಡಲಿಲ್ಲವೆಂಬ ವಾದದಲ್ಲಿ ಗಂಟೆ ಹೊಡೆದುಹೋಯಿತು. ‘ಪುನರಾವರ್ತನೆ’ ಮತ್ತು ‘ಮನೆಗೆಲಸ’ ಎಂಬ ಅಂಕಣಗಳು ಖಾಲಿಯಾಗಿಯೇ ಉಳಿದವು. ಮೌಲ್ಯಮಾಪನದಲ್ಲಿ ಆ ಅಂಕಣಗಳಿಗೂ ಅಂಕಗಳಿವೆ. ಈ ಬಗೆಯ ಪಾಠಕ್ಕೆ ಎರಡು ಅವಧಿಗಳನ್ನು ಜೋಡಿಸಿ ಕೊಡುವ ಏರ್ಪಾಟು ಆಗುವವರೆಗೆ ಯೋಜನೆಗೂ ಆಕರಕ್ಕೂ ಈ ತಿಕ್ಕಾಟ ತಪ್ಪದು.

ಪಠ್ಯಪುಸ್ತಕದ ಇಸವಿಯು ಬದಲಾಗುವ ಸಂದರ್ಭವೊಂದನ್ನೂ ಇಲ್ಲಿ ಹೇಳಬೇಕು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದುದಕ್ಕೆ ರವಿಕೀರ್ತಿಯ ಐಹೊಳೆಯ ಪ್ರಶಸ್ತಿಯು ಪ್ರಸಿದ್ಧವಾದ ಆಧಾರ. ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನೂ ಹರ್ಷನು ಈ ರಾಜ್ಯವನ್ನು ಗೆಲ್ಲಲಾರದೆ ಹೋದನೆಂದು ಬರೆದಿರುವುದರಿಂದ, ಆಸ್ಥಾನಕವಿಯ ಹೊಗಳಿಕೆಗೆ ಹೊರಗಿನ ಸಾಕ್ಷಿಯೂ ದೊರೆತಂತಾಗಿದೆ. ಯುದ್ಧ ನಡೆದದ್ದು ಯಾವಾಗ? ಪ್ರಶಸ್ತಿಗೆ ೬೩೪–೩೫ರ ಕಾಲವಿರುವುದರಿಂದ ಅದಕ್ಕೆ ಮೊದಲು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ೬೩೦ರ ಸುಮಾರಿಗೆ ಇಟ್ಟ ಪುಸ್ತಕಗಳು ಹಲವು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು ಪರಿಶೀಲಿಸಿ, ೨೦೧೬ರಲ್ಲಿ ಸುದ್ದಿಗೆ ಬಂದ ಪುಲಕೇಶಿಯ ತಾಮ್ರಪಟವೊಂದು ೬೧೯ರ ಏಪ್ರಿಲ್ ತಿಂಗಳಿನದು. ಅದರಲ್ಲಿಯೇ ಹರ್ಷನ ಪರಾಭವದ ಮಾತಿದೆ. ಆದುದರಿಂದ ಯುದ್ಧವನ್ನು ೬೧೮–೧೯ರ ಚಳಿಗಾಲಕ್ಕೆ ಒಯ್ಯಬೇಕೆಂದು ಅವರು ಹೇಳಿದರು. ಇದನ್ನು ತರಗತಿಯಲ್ಲಿ ಹೇಳಿದ ಪ್ರಶಿಕ್ಷಣಾರ್ಥಿಗೆ ಬಂದ ಪ್ರಶ್ನೆ ಒಂದೇ: ‘ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು, ಸಾರ್?’ ಪ್ರಶ್ನೆಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಮಕ್ಕಳ ಅಂಕ ಅದರ ಮೇಲಿದೆ. ಪುಸ್ತಕದಲ್ಲಿರುವುದನ್ನು ಬರೆಯಿರಿ, ಅದರ ಕೆಳಗೆ ಒಂದು ಸಾಲಿನಲ್ಲಿ ತಾಮ್ರಪಟದ ವಿಷಯವನ್ನೂ ಸೇರಿಸಿರಿ ಎಂದು ಅವರು ಹೇಳಿದರು. ವ್ಯಾವಹಾರಿಕವಾದ ಈ ಉತ್ತರಕ್ಕಿಂತ ಉತ್ತಮವಾದುದು ನಮಗೂ ತೋರಲಿಲ್ಲ. ಮೌಲ್ಯಮಾಪಕರಾಗಿ ಹೋಗುವ ಅಧ್ಯಾಪಕ ಮಿತ್ರರು ಆ ಹೆಚ್ಚಿನ ಸಾಲಿಗೆ ಕೆಂಪು ಗೆರೆಯನ್ನು ಎಳೆಯದಿದ್ದರೆ ಸಾಕು.

ಹಲ್ಮಿಡಿಯ ಶಾಸನದ ವಿಷಯವೂ ಇದೇ ಬಗೆಯದು. ಅದರಲ್ಲಿ ಕಾಲದ ಉಲ್ಲೇಖವೇ ಇಲ್ಲ. ಸುಮಾರು ೪೫೦ ಎಂಬುದು ಲಿಪಿ, ಭಾಷೆ, ಅರಸರ ಹೆಸರುಗಳಿಂದ ಮಾಡಿದ ಊಹೆ. ೨೦೧೩ರ ಈಚೆಗೆ ನಡೆದ ಉತ್ಖನನದಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ದೊರೆತ ಸಿಂಹಕಟಾಂಜನದ ಮೇಲಿನ ಬರಹವನ್ನು ಸುಮಾರು ೩೭೦ಕ್ಕೆ ಸೇರಿಸಿ, ಅದೇ ಹೆಚ್ಚು ಹಳೆಯದೆಂದು ಹೇಳುವವರಿದ್ದಾರೆ, ಒಪ್ಪದವರೂ ಇದ್ದಾರೆ. ‘ಕನ್ನಡದ ಮೊದಲ ಶಾಸನ’ ಎನ್ನುವಲ್ಲಿ ‘ಈವರೆಗೆ ದೊರೆತಿರುವವುಗಳಲ್ಲಿ’ ಎಂಬ ಎರಡು ಮಾತುಗಳನ್ನು ಸೇರಿಸಲು ಹೆಚ್ಚು ಸಮಯ ಹಿಡಿಯುವುದಿಲ್ಲ.

ಚಿತ್ರಪಟಗಳ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ದೊರೆಯುವ ಅರಸರ ಚಿತ್ರಗಳನ್ನು ಪಾಠೋಪಕರಣವೆಂದು ಗೋಡೆಗೆ ತೂಗುಹಾಕುವುದು ಸಾಮಾನ್ಯ. ಮೀಸೆ ತಿರುವಿದ ಪುಲಕೇಶಿಯ ಮುಖ ಯಾರು ನೋಡಿ ಬರೆದದ್ದು? ಅಜಂತದ ಒಂದನೆಯ ಗುಹೆಯಲ್ಲಿ ಪಾರಸಿಕ ರಾಯಭಾರಿಯನ್ನು ಬರಮಾಡಿಕೊಳ್ಳುವವನು ಅವನೇ ಎಂಬ ಹಳೆಯ ಅಭಿಪ್ರಾಯವನ್ನು ಕೂಡ ಈಚಿನ ವಿದ್ವಾಂಸರು ಹೆಚ್ಚಾಗಿ ಒಪ್ಪುವುದಿಲ್ಲ. ಅದರ ಬದಲು ಶಾಸನದ ಅಚ್ಚಿನ ಪ್ರತಿಯನ್ನು ತೋರಿಸುವುದು ಲೇಸು. ರೈಸ್ ಅವರು ೧೮೮೬ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳೂ, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟವೂ ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಧೂಳು ಹಿಡಿದಿವೆ. ತಾಲ್ಲೂಕಿನ ಕ್ರಮದಲ್ಲಿ ಶಾಸನಗಳು ಅಲ್ಲಿ ಜೋಡಿಸಲ್ಪಟ್ಟಿರುವುದರಿಂದ, ಯಾವ ಶಾಲೆಯ ಅಧ್ಯಾಪಕನಾದರೂ ತನ್ನ ಶಾಲೆಗೆ ಹತ್ತಿರದ ಕಲ್ಲನ್ನು ಅರ್ಧ ಗಂಟೆಯಲ್ಲಿ ಹುಡುಕಿಕೊಳ್ಳಬಹುದು.

ಷಣ್ಮಾಸದ ಕೊನೆಯ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗಳು ಇದನ್ನು ಪ್ರಯೋಗಿಸಿ ನೋಡಿದರು. ಒಂದು ಶಾಲೆಯವರು ಕೆರೆಯ ಏರಿಯ ಕೆಳಗಿದ್ದ ವೀರಗಲ್ಲಿಗೆ ಹೋದರು. ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದ ಕಲ್ಲಾದುದರಿಂದ ಮೊದಲು ಊರ ಹಿರಿಯರನ್ನು ಕೇಳಿ, ಕಲ್ಲನ್ನು ಉಜ್ಜದೆ, ಬಳಪದಿಂದ ಗೀರದೆ, ಒದ್ದೆಯ ಬಟ್ಟೆಯಿಂದ ಒರೆಸಿ, ಓರೆಬಿಸಿಲು ಬೀಳುವ ಹೊತ್ತಿಗೆ ಅಕ್ಷರಗಳನ್ನು ನೋಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗ ಮತ್ತು ಪೂಜಕ. ಇವನ್ನು ಮಕ್ಕಳು ಚೆನ್ನಾಗಿ ಬರೆದುಕೊಂಡರು. ಕಾಳಗದ ಪಟ್ಟಿಕೆಯಲ್ಲಿ ಹಸುಗಳಿದ್ದುದರಿಂದ ಇದು ತುರುಗೊಳಿನ ಕಲ್ಲೆಂದು ಅವರೇ ಊಹಿಸಿದರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಎರಡು ಸಾಲು ಬರಹವಿತ್ತು, ಬಹುಭಾಗ ಸವೆದುಹೋಗಿತ್ತು. ಪ್ರತಿ ಮಾಡಿದ ಟಿಪ್ಪಣಿ ಪುಸ್ತಕಗಳಲ್ಲಿ ಓದಲು ಬಂದ ನಾಲ್ಕೈದು ಅಕ್ಷರಗಳನ್ನು ಅವು ಇದ್ದ ಸ್ಥಾನದಲ್ಲಿಯೇ ಬರೆದು, ಉಳಿದ ಜಾಗದಲ್ಲಿ ಚುಕ್ಕೆಗಳನ್ನಿಟ್ಟು, ಪಕ್ಕದಲ್ಲಿ ‘ಸವೆದಿದೆ, ಓದಲಾಗಲಿಲ್ಲ’ ಎಂದು ಗುರುತು ಹಾಕಿದ್ದರು.